ಐದು ಮಣ ಮೂರು ವೀಸೆ

ಗಂಡನಾದವನು ಹೆಂಡತಿಗೆ ಆಡಬಾರದ ಮಾತುಗಳು ಲೋಕದಲ್ಲಿ ಬೇಕಾದಷ್ಟಿವೆ. ಹೆಚ್ಚಿನವು ಸಿಟ್ಟಿನಲ್ಲಿ ಬಾಯಿಂದ ಬೀಳುತ್ತವೆ. ಸಿಟ್ಟು ಇಳಿದ ಮೇಲೆ ಒಂದು ಮೊಳ ಮಲ್ಲಿಗೆಗೋ ಒಂದು ಪೊಟ್ಟಣ ಮಿರ್ಚಿಗೋ ಮಾಫಿಯೂ ಸಿಗುತ್ತದೆ. ಆದರೆ ಬಳ್ಳಾರಿ ಬ್ರೂಸ್‌ಪೇಟೆಯ ಚಿದಾನಂದಪ್ಪ ಆಡಿದ ಮಾತು ಸಿಟ್ಟಿನಲ್ಲಿ ಬಂದದ್ದಲ್ಲ. ಬರೀ ಅಭ್ಯಾಸಬಲದಿಂದ ಬಂದದ್ದು. ಸಿಟ್ಟಿನ ಮಾತು ಸುಳ್ಳಿದ್ದೀತು ಎಂದು ಹೆಂಡತಿ ಸಮಾಧಾನ ಮಾಡಿಕೊಳ್ಳಬಹುದು. ಅಭ್ಯಾಸಬಲದ ಮಾತಿಗೆ ಆ ಸಮಾಧಾನವೂ ಇಲ್ಲ.

ಚಿದಾನಂದಪ್ಪ ಹತ್ತಿ ಗಿರಣಿಯೊಂದರಲ್ಲಿ ತೂಕದ ಗುಮಾಸ್ತ. ಹದಿನೆಂಟು ವರ್ಷ ಹತ್ತಿಯ ಅಂಡಿಗೆಗಳನ್ನು, ಎಂದರೆ ಗೋಣಿಮೂಟೆಗಳನ್ನು, ತೂಗಿ ತೂಗಿ ಅವನ ಕಣ್ಣೇ ತಕ್ಕಡಿಯಾಗಿತ್ತು. ಗಾಡಿಯಿಂದ ಅಂಡಿಗೆ ಇಳಿಯುವಾಗಲೇ ಅದನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಕತ್ತನ್ನು ಒಂದಿಷ್ಟು ಓರೆ ಮಾಡಿ, ಅಂಗಳವೆಲ್ಲ ಕೇಳುವಂತೆ “ಆ…ರು ಮಣ ಎರಡು ವೀಸೇ…” ಎಂದು ಕೂಗುತ್ತಿದ್ದ. (ಎಂಟು ವೀಸೆಗೆ ಒಂದು ಮಣ; ಆ ಮಣ ಈಗಿನ ಲೆಕ್ಕದಲ್ಲಿ ಹನ್ನೊಂದು ಕಿಲೋ ಚಿಲ್ಲರೆ.) ಆಮೇಲೆ ಏರಿಸಿದ ತಕ್ಕಡಿ ಅವನ ಮಾತಿಗೆ ವಿನಯದಿಂದ ತಲೆಬಾಗುತ್ತಿತ್ತು. ಅಂಗಳದ ಕಟ್ಟಳೆಯೂ ಹಾಗೆಯೇ ಇತ್ತು: ಕೂಗಿದ ತೂಕ ಕೂಗಿದ್ದೇ. ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಗೋಣಿಯ ಭಾರ, ತೇವ, ಕಸ ಎಂದು ಒಂದಿಷ್ಟು ವಜಾ ಹಿಡಿಯಬಹುದು, ಅಷ್ಟೆ.

ಆ ಕಣ್ಣನ್ನು ಗಿರಣಿಯ ಗೇಟಿನಲ್ಲಿ ಕಳಚಿಟ್ಟು ಮನೆಗೆ ಬರುವ ವಿದ್ಯೆ ಮಾತ್ರ ಅವನಿಗೆ ಸಿದ್ಧಿಸಿರಲಿಲ್ಲ. ಮದುವೆಗೆ ಹೋದರೆ ಮದುಮಗ ನಾಲ್ಕೂವರೆ ಮಣವಾಗಿ ಕಾಣುತ್ತಿದ್ದ. ಹರಿಕಥೆಗೆ ಕುಳಿತರೆ ದಾಸರ ಹೊಟ್ಟೆಯೊಂದೇ ಒಂದು ಮಣವಾಗುತ್ತಿತ್ತು. ಇಷ್ಟು ದಿನ ಇದೆಲ್ಲ ಮನಸ್ಸಿನೊಳಗೇ ನಡೆಯುತ್ತಿತ್ತು. ಕುರುಗೋಡಿನ ದಾರಿಯಲ್ಲಿ ಅದು ಹೊರಗೆ ಬಂತು.

ಅವನ ಹತ್ತಿರ ಒಂದು ಮೋಟಾರ್ ಸೈಕಲ್ಲು ಇತ್ತು. ಗಿರಣಿಯ ಬಿಳಿ ಇಂಜಿನಿಯರ್ ಬಿಲಾತಿಗೆ ಹಿಂದಿರುಗುವಾಗ ಕಣ್ಣೀರಿಟ್ಟು ಒಪ್ಪಿಸಿ ಹೋದ ಗಾಡಿ. ಅದರ ಹಿಂದಿನ ಚಕ್ರಕ್ಕೆ ಎಡಕ್ಕೊಂದು ಬಲಕ್ಕೊಂದು ಶಾಕ್ ಅಬ್ಸಾರ್ಬರ್ ಇದ್ದವು. ದಾರಿಯ ಕುಲುಕನ್ನೆಲ್ಲ ತಾವು ನುಂಗಿ ಸವಾರನಿಗೆ ಹೂವಿನ ಹಾಸಿಗೆ ಹಾಸುವ ಉಕ್ಕಿನ ಕೊಳವೆಗಳು. ಮೈತುಂಬ ಬಳೆ ತೊಟ್ಟ ಒನಕೆಗಳಂತೆ ಕಾಣುತ್ತಿದ್ದವು. ಬಳ್ಳಾರಿ ಆಂಧ್ರಕ್ಕೆ ಸೇರಬೇಕೋ ಮೈಸೂರಿಗೆ ಸೇರಬೇಕೋ ಎಂದು ಊರೆಲ್ಲ ಚಹಾದಂಗಡಿಯಲ್ಲಿ ಹೊಡೆದಾಡುತ್ತಿದ್ದ ಆ ಕಾಲದಲ್ಲಿ, ಇಂಥ ಗಾಡಿಯ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಪೇಟೆಬೀದಿಯಲ್ಲಿ ಹೋದರೆ ಎರಡು ಪಕ್ಷದವರೂ ವಾದ ನಿಲ್ಲಿಸಿ ನೋಡುತ್ತಿದ್ದರು.

ಆ ಸಂಜೆ ಗಂಡ ಹೆಂಡತಿ ಕುರುಗೋಡಿನ ಬಸವಣ್ಣನಿಗೆ ಕಾಯಿ ಒಡೆಸಿಕೊಂಡು ಹಿಂದಿರುಗುತ್ತಿದ್ದರು. ಅಂಬಮ್ಮ ಎಲ್ಲ ಹೆಂಗಸರಂತೆ ಎರಡೂ ಕಾಲನ್ನು ಎಡಕ್ಕೇ ಇಳಿಬಿಟ್ಟು, ಮಡಿಲಲ್ಲಿ ಒಂದು ಬುಟ್ಟಿ ಬದನೆಕಾಯಿ ಇಟ್ಟುಕೊಂಡು ಕುಳಿತಿದ್ದಳು. ಎರಡು ಬದಿಗೂ ಹತ್ತಿ ಹೊಲ ಬಿಳಿ ನಗೆ ನಗುತ್ತಿತ್ತು. ಒಂದು ಮೋರಿ ಬಂತು. ಗಾಡಿ ಹಾರಿತು, ಇಳಿಯಿತು. ಇಳಿಯುವಾಗ ಎಡಗಡೆಯಲ್ಲಿ “ಟಣ್” ಎಂದಿತು.

“ಏನಾತ್ರಿ?” ಎಂದು ಅಂಬಮ್ಮ ಬುಟ್ಟಿ ಸಮೇತ ಕೆಳಗಿಳಿದು ನಿಂತಳು.

ಚಿದಾನಂದಪ್ಪ ಕುಕ್ಕರಗಾಲಲ್ಲಿ ಕುಳಿತು ನೋಡಿದ. ಎಡಗಡೆಯ ಒನಕೆ ನಡುಮುರಿದು ಎಣ್ಣೆಯ ಕಣ್ಣೀರು ಸುರಿಸುತ್ತಿತ್ತು. ಇಷ್ಟು ಗಟ್ಟಿ ಉಕ್ಕು ಹೇಗೆ ಮುರಿಯಿತು ಎಂದು ಯೋಚಿಸುತ್ತಾ ಅವನು ತಲೆ ಎತ್ತಿದ. ಎದುರಿಗೆ ಅಂಬಮ್ಮ, ಇಳಿಯುವ ಸೂರ್ಯನಿಗೆ ಬೆನ್ನು ಕೊಟ್ಟು, ಗಾಡಿಯಿಂದ ಈಗ ತಾನೇ ಇಳಿದವಳು. ಅವನ ಕಣ್ಣು ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿತು. ಕತ್ತು ಒಂದಿಷ್ಟು ಓರೆಯಾಯಿತು. ಮುಂದಿನದು ಅವನ ಕೈಯಲ್ಲಿರಲಿಲ್ಲ.

“ಐ…ದು ಮಣ ಮೂರು ವೀಸೇ…!”

ಹತ್ತಿ ಬಿಡಿಸುತ್ತಿದ್ದ ನಲವತ್ತು ಹೆಂಗಸರು ಒಟ್ಟಿಗೇ ಸೊಂಟ ನೆಟ್ಟಗೆ ಮಾಡಿ ನಿಂತರು. ಒಬ್ಬ ಮುದುಕಿ ಕೈಯನ್ನು ಕಣ್ಣಿಗೆ ಮರೆ ಹಿಡಿದು, “ಎದರ ತೂಕನಪ್ಪೋ ಅದು?” ಎಂದು ಕೇಳಿದಳು. ಉತ್ತರ ಅಲ್ಲೇ ಬುಟ್ಟಿ ಹಿಡಿದು ನಿಂತಿತ್ತು.

ಅಂಬಮ್ಮ ಅತ್ತಿದ್ದರೆ ಚಿದಾನಂದಪ್ಪ ಸಂತೈಸುತ್ತಿದ್ದ, ಬೈದಿದ್ದರೆ ಬೈಸಿಕೊಳ್ಳುತ್ತಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಹಿಂದೆ ಬರುತ್ತಿದ್ದ ಒಂದು ಖಾಲಿ ಎತ್ತಿನ ಗಾಡಿಯನ್ನು ಕೈ ಮಾಡಿ ನಿಲ್ಲಿಸಿದಳು. ಗಾಡಿಗೆ ಹತ್ತುವ ಮುಂಚೆ ಒಂದೇ ಮಾತು ಹೇಳಿದಳು:

“ಆ ಕೂಗಿದ ತೂಕ ಹಿಂದಕ್ಕ ತಗೊಳ್ಳೋ ತನಾ ನಿಮ್ಮ ಮೋಟಾರಿನ ಮ್ಯಾಲೆ ನಾ ಕುಂದರಂಗಿಲ್ಲ. ಕುರುಗೋಡು ಬಸವಣ್ಣನ ಆಣಿ.”

ಅವಳು ಗಾಡಿಯ ಮುಂದುಗಡೆ, ಮೋಟಾರ್ ಸೈಕಲ್ಲು ಹಿಂದುಗಡೆ ಹಗ್ಗದಲ್ಲಿ, ಚಿದಾನಂದಪ್ಪ ಎರಡರ ನಡುವೆ ಧೂಳಿನಲ್ಲಿ. ಹೀಗೆ ಆ ಮೆರವಣಿಗೆ ಬಳ್ಳಾರಿ ಮುಟ್ಟಿತು.

ಇಷ್ಟೇ ಆಗಿದ್ದರೆ ಚಿದಾನಂದಪ್ಪ ತಿಂಗಳೊಪ್ಪತ್ತು ಕಾಯುತ್ತಿದ್ದ. ಆದರೆ ಬರುವ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸಿರುಗುಪ್ಪದಲ್ಲಿ ಅಂಬಮ್ಮನ ತಂಗಿ ಕೊಟ್ರಬಸಮ್ಮನಿಗೆ ಕುಬುಸದ ಶಾಸ್ತ್ರ, ಎಂದರೆ ಸೀಮಂತ. ಚೊಚ್ಚಲು ಬಸಿರು. ತಾಯಿ ತಂದೆ ಇಲ್ಲದ ಹುಡುಗಿ; ಅಂಬಮ್ಮನೇ ಎತ್ತಿ ಆಡಿಸಿ ಬೆಳೆಸಿದವಳು. ತಾಯಿ ತಂದೆಯ ಸ್ಥಾನದಲ್ಲಿ ಅಕ್ಕ ಭಾವ ಹಸಿರು ಕುಬುಸ, ಹಸಿರು ಬಳೆ ಒಯ್ಯಬೇಕು. ಆ ಮನೆಯ ಪದ್ಧತಿಯ ಪ್ರಕಾರ ಕುಬುಸ ತರುವ ಗಂಡ ಹೆಂಡತಿ ತಮ್ಮ ಮನೆಯಿಂದ ಒಟ್ಟಿಗೇ ಹೊರಟು, ಅಲ್ಲಿ ಒಟ್ಟಿಗೇ ಹೊಸ್ತಿಲು ದಾಟಬೇಕು. ಬೇರೆ ಬೇರೆ ಬಂದರೆ ಬಸುರಿಗೆ ಆಗುವುದಿಲ್ಲವೆಂದು ಮಾತು. ಗಿರಣಿಯಲ್ಲಿ ಹತ್ತಿಯ ಸುಗ್ಗಿ. ಬುಧವಾರದ ಹಬ್ಬದ ಸೂಟಿ ಒಂದನ್ನು ಬಿಟ್ಟರೆ ಗುರುವಾರ ಸಂಜೆಯ ತನಕ ಚಿದಾನಂದಪ್ಪ ತಕ್ಕಡಿ ಬಿಟ್ಟು ಅಲ್ಲಾಡುವಂತಿಲ್ಲ. ಬಸ್ಸು ದಿನಕ್ಕೊಂದೇ; ಶುಕ್ರವಾರದ್ದು ಸಿರುಗುಪ್ಪ ಸೇರುವುದು ಹನ್ನೊಂದಕ್ಕೆ. ಹಾಗಾಗಿ ಉಳಿದದ್ದು ಮೋಟಾರ್ ಸೈಕಲ್ಲು ಒಂದೇ. ಅದು ಮುರಿದಿತ್ತು, ಅದರ ಮೇಲೆ ಕೂರಬೇಕಾದವಳು ಆಣೆ ಇಟ್ಟಿದ್ದಳು.

“ನಾ ಗುರುವಾರದ ಬಸ್ಸಿಗೆ ಒಬ್ಬಾಕಿನೇ ಹೊಕ್ಕೀನಿ,” ಎಂದಳು ಅಂಬಮ್ಮ, ರೊಟ್ಟಿ ಬಡಿಯುತ್ತಾ. ರೊಟ್ಟಿಗೆ ಬೀಳಬೇಕಾದದ್ದಕ್ಕಿಂತ ಹೆಚ್ಚಿನ ಏಟುಗಳು ಬೀಳುತ್ತಿದ್ದವು. “ಮಂದಿ ಏನರ ಅಂದ್ಕೊಳ್ಳಲಿ.”

“ಅಲ್ಲ, ನೀನು ತಪ್ಪು ತಿಳಕೊಂಡಿ. ಹೆಣ್ಮಕ್ಳು ಎರಡೂ ಕಾಲು ಒಂದೇ ಬದಿಗೆ ಬಿಟ್ಟು ಕುಂದರ್ತೀರಿ. ಭಾರ ಎಲ್ಲಾ ಎಡಕ್ಕ ಬೀಳ್ತೈತಿ. ಅದು ಯಂತ್ರಶಾಸ್ತ್ರ.”

“ಹಂಗಾದ್ರ ನಿಮ್ಮ ಯಂತ್ರಶಾಸ್ತ್ರಕ್ಕ ಒಂದು ಸೀರಿ ಉಡಿಸಿ, ಎರಡೂ ಕಡಿ ಕಾಲು ಬಿಟ್ಟು ಕುಂದರ್ಸಿ ತೋರಿಸ್ರಿ ನೋಡೋಣ.”

“ಹಂಗಲ್ಲ…”

“ನಾ ಐದು ಮಣ ಎಡಕ್ಕ ಕುಂತೆ, ಮುರೀತು. ಮುಂದ ಕುಂತ ನೀವೇನು ಗಾಳಿಯಾಗ ತೇಲಾಕ ಹತ್ತಿದ್ರೇನು?”

ಚಿದಾನಂದಪ್ಪ ರೊಟ್ಟಿ ಮುರಿದುಕೊಂಡ. ಆದರೆ ಅವಳ ದನಿಯ ತಳದಲ್ಲಿ ಒಂದು ನಡುಕ ಇದ್ದದ್ದು ಅವನಿಗೆ ತಿಳಿಯಿತು. ತಂಗಿಯ ಹೊಸ್ತಿಲನ್ನು ಒಬ್ಬಳೇ ದಾಟುವುದು ಅವಳಿಗೂ ಬೇಕಿರಲಿಲ್ಲ. ಅವಳು ಆಣೆಯ ಮೇಲೆ ಕುಳಿತಿದ್ದಳು, ಅವನು ಕಟ್ಟಳೆಯ ಮೇಲೆ ಕುಳಿತಿದ್ದ. ಇಬ್ಬರಿಗೂ ಇಳಿಯಲು ಏಣಿ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಅವನು ಕೌಲ್‌ಬಜಾರಿನ ಮಾರೆಣ್ಣನ ಷೆಡ್ಡಿಗೆ ಹೋದ. ಮಾರೆಣ್ಣ ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಪಳಗಿದ ಮೇಸ್ತ್ರಿ. ಮುರಿದ ಒನಕೆಯನ್ನು ನೋಡಿ ನಾಲಿಗೆಯಿಂದ ಲೊಚಗುಟ್ಟಿದ. ಬಳಿಕ ಕಬ್ಬಿಣದ ರಾಶಿಯೊಳಗೆ ಭುಜದ ತನಕ ಕೈ ತೂರಿಸಿ ಒಂದು ಶಾಕ್ ಅಬ್ಸಾರ್ಬರನ್ನು ಎಳೆದು ತೆಗೆದ.

“ಇದು ಬಾಜೂಕ ಮಂದಿ ಕುಂದ್ರೋ ತೊಟ್ಟಿಲು ಕಟ್ಟಿದ ದೊಡ್ಡ ಗಾಡಿದು ಸ್ವಾಮಿ. ಒಂದೀಟು ಗಿಡ್ಡ ಐತಿ, ಒಂದೀಟು ಗಡಸು ಐತಿ. ಪರವಾ ಲೇದು, ನಡೀತೈತಿ.”

“ಬುಧವಾರ ಬಂದು ಕೂಡ್ಸಿ ಕೊಡು.”

“ಎಲ್ಲಿ ಬುಧವಾರ? ಈಗ ತೆಕ್ಕಲಕೋಟಿಗೆ ಹೊಂಟೀನಿ. ಅಲ್ಲಿ ಬಾವಿ ಇಂಜಿನ್ನು ಮಕಾಡೆ ಮಲಗೈತಿ. ನೀವೇ ಕೂಡ್ಸಿಕೊಳ್ರಿ, ದೊಡ್ಡ ವಿದ್ಯಾ ಏನಲ್ಲ. ಮ್ಯಾಲಿನ ಬೋಲ್ಟು ಮೊದಲು ಹಾಕ್ರಿ. ಕೆಳಗಿನ ತೂತು ಕೂಡಂಗಿಲ್ಲ. ಇದು ಗಿಡ್ಡ ಅಲ್ಲೇನು? ಹಿಂದಿನ ಸೀಟಿನ ಮ್ಯಾಲೆ ಭಾರ ಹೇರ್ರಿ. ಗಾಡಿ ಕುಗ್ತೈತಿ, ತೂತು ತಾನೇ ಬಂದು ಕೂಡ್ತೈತಿ. ಫಟ್ ಅಂತ ಬೋಲ್ಟು ತೂರಿಸ್ರಿ.”

“ಎಷ್ಟು ಭಾರ?”

ಮಾರೆಣ್ಣ ಬಿದ್ದು ಬಿದ್ದು ನಕ್ಕ. “ತೂಕದ ಉಸ್ತಾದ್ ಬಂದು ನನ್ನ ಕೇಳ್ತಾರಲ್ಲಪ್ಪೋ!”

ಬುಧವಾರ ಗಿರಣಿಗೆ ಸೂಟಿ. ಚಿದಾನಂದಪ್ಪ ಮಿಂದು, ವಿಭೂತಿ ಧರಿಸಿ, ಯಜ್ಞಕ್ಕೆ ಕೂರುವವನಂತೆ ಅಂಗಳಕ್ಕೆ ಇಳಿದ. ಮೋಟಾರ್ ಸೈಕಲ್ಲಿನ ಎರಡು ಹಿಡಿಗೂ ಹಗ್ಗ ಬಿಗಿದು ಪಡಸಾಲೆಯ ಎರಡು ಕಂಬಗಳಿಗೆ ಕಟ್ಟಿದ. ಒದೆಯುವ ಎಮ್ಮೆಯನ್ನು ಹಿಂಡುವ ಮುಂಚೆ ಕಟ್ಟುವಂತೆ. ಹಳೆಯ ಬೋಲ್ಟು ತುಕ್ಕು ಹಿಡಿದು ಅಲ್ಲೇ ಸಂಸಾರ ಹೂಡಿತ್ತು. ಅದಕ್ಕೆ ಸೀಮೆಎಣ್ಣೆ ಕುಡಿಸಿದ, ಒಳ್ಳೆಯ ಮಾತು ಹೇಳಿದ, ಕೊನೆಗೆ ಪಾನಾ ಹಾಕಿ ಅದರ ಮೇಲೆ ಹತ್ತಿ ನಿಂತ. ಬೋಲ್ಟು ಬಿಟ್ಟಿತು, ಅವನು ಬಿದ್ದ. ಅಡಿಗೆಮನೆಯ ಕಿಟಕಿಯಲ್ಲಿ ಒಂದು ಬಳೆಯ ಸದ್ದಾಯಿತು. ನಕ್ಕ ಸದ್ದೋ ಏನೋ, ಅವನು ಎದ್ದು ನೋಡುವಷ್ಟರಲ್ಲಿ ಕಿಟಕಿ ಖಾಲಿಯಿತ್ತು.

ಹೊಸ ಕೊಳವೆಯ ಮೇಲಿನ ಬೋಲ್ಟು ಸಲೀಸಾಗಿ ಕೂತಿತು. ಕೆಳಗಿನದು ಮಾರೆಣ್ಣ ಹೇಳಿದಂತೆ ಒಂದು ಬೆರಳಿನಷ್ಟು ದೂರ ಉಳಿಯಿತು. ಒಂದೇ ಬೆರಳು. ಆದರೆ ಆ ಬೆರಳಿನ ಆಚೆ ಸಿರುಗುಪ್ಪ ಇತ್ತು.

ತಾನೇ ಹತ್ತಿ ಕುಳಿತರೆ ಬೋಲ್ಟಿಗೆ ಕೈ ಎಟುಕುತ್ತಿರಲಿಲ್ಲ. ಕೆಳಗೆ ಕುಳಿತರೆ ಭಾರ ಇರುತ್ತಿರಲಿಲ್ಲ. ಒಳಗಿನಿಂದ ಜೋಳದ ಚೀಲ ಹೊತ್ತು ತಂದು ಸೀಟಿನ ಮೇಲೆ ಹೇರಿದ. ದುಂಡನೆಯ ಸೀಟು ಚೀಲವನ್ನು ಒಪ್ಪಲಿಲ್ಲ. ಅದು ಮೊದಲು ಎಡಕ್ಕೆ ವಾಲಿತು, ನಂತರ ಬಲಕ್ಕೆ ವಾಲಿತು, ಆಮೇಲೆ ಕಲ್ಲು ಹಾಸಿನ ಮೇಲೆ ಬಿದ್ದು ಬಾಯಿ ಬಿಟ್ಟಿತು. ಬ್ರೂಸ್‌ಪೇಟೆಯ ಪಾರಿವಾಳಗಳಿಗೆ ಸುದ್ದಿ ಹೇಗೆ ಮುಟ್ಟಿತೋ!

“ನನ್ನ ಜ್ವಾಳ!” ಎಂದು ಒಳಗಿನಿಂದ ದನಿ ಬಂತು. ಅವಳು ಮಾತ್ರ ಬರಲಿಲ್ಲ.

ಗದ್ದಲಕ್ಕೆ ಪಕ್ಕದ ಮನೆಯ ಹುಲುಗಪ್ಪನೂ ಅವನ ಹೆಂಡತಿ ಹೊನ್ನೂರಮ್ಮನೂ ಬಂದರು. ಹುಲುಗಪ್ಪ ಅದೇ ಗಿರಣಿಯ ಹಮಾಲ. ಎರಡು ಅಂಡಿಗೆಯನ್ನು ಎರಡು ಭುಜದ ಮೇಲೆ ಇಟ್ಟುಕೊಂಡು ವೀಳ್ಯ ಮಡಿಚುವ ಗಂಡಸು. ಹೊನ್ನೂರಮ್ಮ ಅವನ ನೆರಳಿನಷ್ಟು ಸಣ್ಣವಳು.

“ನಾ ಕುಂದರ್ತೀನಿ ಬಿಡಣ್ಣಾ,” ಎಂದು ಹೊನ್ನೂರಮ್ಮ ಸೆರಗು ಬಿಗಿದು ಹತ್ತಿದಳು. ಗಾಡಿ ಕುಗ್ಗಿತು. ತೂತು ಮುಕ್ಕಾಲು ಬೆರಳು ಹತ್ತಿರ ಬಂತು, ಅಲ್ಲೇ ನಿಂತಿತು. ಚಿದಾನಂದಪ್ಪ ತಲೆ ಎತ್ತಿ ಅವಳನ್ನು ನೋಡಿದ. ನಾಲ್ಕು ಮಣಕ್ಕೆ ಒಂದು ವೀಸೆ ಕಡಿಮೆ. (ಮನಸ್ಸಿನಲ್ಲೇ. ಅಷ್ಟು ಬುದ್ಧಿ ಬಂದಿತ್ತು.)

“ಇಳೀಲೇ, ಗುಬ್ಬಚ್ಚಿ ಕುಂತ್ರ ಎಮ್ಮಿ ಬಗ್ತೈತೇನು?” ಎಂದು ಹುಲುಗಪ್ಪ ಹೆಂಡತಿಯನ್ನು ಇಳಿಸಿ ತಾನು ಹತ್ತಿದ. ಗಾಡಿ ಮುಲುಗಿತು. ತೂತು ಬಂತು, ಬಂದಷ್ಟೇ ವೇಗದಲ್ಲಿ ದಾಟಿ ಕಾಲು ಬೆರಳು ಆಚೆ ಹೋಯಿತು.

“ಸ್ವಲ್ಪ ಮ್ಯಾಕ್ ಏಳಲೇ ಹುಲುಗಾ!”

ಹುಲುಗಪ್ಪ ಎರಡೂ ಕೈ ಸೀಟಿಗೆ ಊರಿ ಅರ್ಧ ಮೇಲೆದ್ದ. ತೂತು ಹಿಂದಕ್ಕೆ ಬಂತು. ನಿಲ್ದಾಣದಲ್ಲಿ ನಿಲ್ಲದೆ ಹೋಗುವ ಬಸ್ಸಿನಂತೆ ಕಣ್ಣೆದುರೇ ಹಾದು ಹೋಯಿತು. “ಕುಂದ್ರು!” ಹಾದು ಹೋಯಿತು. “ಏಳು!” ಹಾದು ಹೋಯಿತು. ಹತ್ತು ಸಲ ಹೀಗೆ ಬಸ್ಕಿ ಹೊಡೆದ ಮೇಲೆ ಹುಲುಗಪ್ಪ ಬೆವರು ಒರೆಸಿಕೊಂಡು, “ಇದಕ್ಕಿಂತ ಅಂಡಿಗಿ ಹೊರೋದು ಸುಖ ಅಣ್ಣಾ. ನನ್ನ ತೂಕ ಎಷ್ಟರ ಐತಿ, ಕೂಗಿಬಿಡು!” ಎಂದ.

“ಏಳು ಮಣ,” ಎಂದ ಚಿದಾನಂದಪ್ಪ ಮೆಲ್ಲಗೆ. ಹುಲುಗಪ್ಪ ಹೆಮ್ಮೆಯಿಂದ ಮೀಸೆ ಮುಟ್ಟಿಕೊಂಡ. ಗಂಡಸರ ತೂಕಕ್ಕೆ ಈ ಲೋಕದಲ್ಲಿ ಯಾವ ಆಣೆಯೂ ಅಡ್ಡ ಬರುವುದಿಲ್ಲ.

ನಾಲ್ಕು ಮಣ ಕಾಲು ಬೆರಳು ಈಚೆ. ಏಳು ಮಣ ಕಾಲು ಬೆರಳು ಆಚೆ. ಹದಿನೆಂಟು ವರ್ಷದ ಕಸುಬು ಕೇಳದೆಯೇ ಲೆಕ್ಕ ಹಾಕಿತು: ಐದು ಮಣದ ಮೇಲೆ ಮೂರು ನಾಲ್ಕು ವೀಸೆ ಇರಬೇಕು. ಚಿದಾನಂದಪ್ಪ ಕಣ್ಣು ಮುಚ್ಚಿಕೊಂಡ. ಇಡೀ ಬಳ್ಳಾರಿಯಲ್ಲಿ, ಆಂಧ್ರಕ್ಕೆ ಸೇರಲಿ ಮೈಸೂರಿಗೆ ಸೇರಲಿ, ಆ ತೂಕದ ಪ್ರಾಣಿಗಳು ನೂರಾರು ಇದ್ದಿರಬಹುದು. ಕೈಗೆಟುಕುವಂಥದ್ದು ಒಂದೇ, ಅದೂ ಅಡಿಗೆಮನೆಯಲ್ಲಿ ಕಡಗೋಲು ಹಿಡಿದು ಕುಳಿತಿತ್ತು.

ಅವನು ಜಿಡ್ಡಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತ.

“ಅಂಬಾ.”

“ಏನು.”

“ಒಂದೀಟು ಬಂದು ಕುಂದ್ರು.”

“ಯಾಕ? ಹುಲುಗಪ್ಪಣ್ಣ ಅದಾನ, ಹೊನ್ನೂರಮ್ಮ ಅದಾಳ, ನನ್ನ ಜ್ವಾಳದ ಚೀಲ ಐತಿ… ಅಲ್ಲ, ಇತ್ತು.”

“ಅವರ್ಯಾರೂ ಸರಿಹೋಗವಲ್ರು.”

“ನಾ ಸರಿಹೋಗ್ತೀನಿ ಅಂತ ನಿಮಗ ಹೆಂಗ ಗೊತ್ತು?”

ಪ್ರಶ್ನೆ ಹಾಳು ಬಾವಿಯಂತೆ ಅವನ ಕಾಲ ಬಳಿ ಬಾಯಿ ತೆರೆಯಿತು. ಕುರುಗೋಡಿನ ದಾರಿಯಲ್ಲಿ ಬಿದ್ದವನು ಈ ಸಲ ಅಂಚಿನಲ್ಲೇ ನಿಂತ. “ಹದಿನಾಲ್ಕು ವರ್ಷ ಆತು ಅಂಬಾ. ಈ ಮನ್ಯಾಗ ಏನು ಕೂಡದಿದ್ರೂ ನೀ ಬಂದು ಕುಂತ ಮ್ಯಾಲೇ ಕೂಡೈತಿ,” ಎಂದ. ಅದು ಉಪಾಯಕ್ಕೆ ಆಡಿದ ಮಾತೆಂದು ಅವನೇ ತಿಳಿದಿದ್ದ. ಆಡಿ ಮುಗಿಸುವಷ್ಟರಲ್ಲಿ ಅದು ನಿಜವೆಂದು ತಿಳಿದು ಸ್ವಲ್ಪ ಗಾಬರಿಯಾದ.

ಕಡಗೋಲು ನಿಂತಿತು. ಆದರೆ ಆಣೆ ಆಣೆಯೇ.

“ಆ ತೂಕ ಹಿಂದಕ್ಕ ತಗೋರಿ.”

“ಕೂಗಿದ ತೂಕ ಹಿಂದಕ್ಕ ತಗೊಂಡ್ರ ನಾಳೆ ಗಿರಣ್ಯಾಗ ನನ್ನ ಮಾತಿಗೆ ಯಾವ ಬೆಲಿ?”

“ಹಂಗಾದ್ರ ನಾಳೆ ಬಸ್ಸು.”

“ತಡಿ! ವಜಾ ಹಿಡೀಬಹುದು. ರೈತರ ಮಾಲಿಗೆ ಗೋಣಿ, ತೇವ, ಕಸ ಅಂತ ಹಿಡಿಯಂಗಿಲ್ಲೇನು, ಹಂಗ.”

“ನನ್ನಾಗ ಕಸ ಎಲ್ಲಿ ಕಂಡ್ರಿ?”

“ಕಸ ಇಲ್ಲ! ಕಸ ಎಲ್ಲೈತಿ? ಬಂಗಾರದಂಥ ಮಾಲು. ಗೋಣಿ ಅಂದ್ರ… ಸೀರಿ. ಅದಕ್ಕೊಂದು ವೀಸೆ ವಜಾ.”

ಅಂಬಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಅವಳ ಅಪ್ಪ ಮೂವತ್ತು ವರ್ಷ ಗಿರಣಿಗಳಿಗೆ ಹತ್ತಿ ಹೇರಿ ಗುಮಾಸ್ತರ ಜೊತೆ ಗುದ್ದಾಡಿದ ಸಿರುಗುಪ್ಪದ ರೈತ. ಆ ರಕ್ತ ಎದ್ದು ನಿಂತಿತು. “ಇಳಕಲ್ ಸೀರಿ ಒಂದೇ ವೀಸೇನು? ಒಂದೂವರಿ ಹಾಕ್ರಿ.”

“ಆತು, ಒಂದೂವರಿ.”

“ಕೈಬಳಿ, ಕಾಲ್ಗಡಗ, ಡಾಬು.”

“ಒಂದು ವೀಸೆ.”

“ಎರಡು! ಡಾಬು ನಮ್ಮಮ್ಮಂದು, ಈಗಿನ ಕಾಲದ ತಗಡಲ್ಲ. ಬೀಗದ ಕೈ ಗೊಂಚಲು ಅರ್ಧ. ಮತ್ತ… ಅವತ್ತು ನನ್ನ ಕೈಯಾಗ ಏನಿತ್ತು ನೆಪ್ಪ ಐತೇನು?”

ಚಿದಾನಂದಪ್ಪ ಯೋಚಿಸಿದ. “ಬದನಿಕಾಯಿ ಬುಟ್ಟಿ.”

“ಬುಟ್ಟಿ ಬದನಿಕಾಯಿನೂ ನನ್ನ ಲೆಕ್ಕಕ್ಕ ಹಾಕಿ ಕೂಗಿದ್ರಿ! ನಾಲ್ಕು ಹಾಕ್ರಿ ಅದಕ್ಕ. ಪ್ರಸಾದದ ಕಾಯಿ ಬ್ಯಾರೆ ಇದ್ವು. ದಾರಿ ಧೂಳು ಮೈತುಂಬ ಇತ್ತು. ಮತ್ತ ಬಸವಣ್ಣನ ಗುಡ್ಯಾಗ ನೀವು ಒತ್ತಾಯ ಮಾಡಿ ಉಣಿಸಿದ್ದು…”

ವಾದ ಹೀಗೆ ಬಹಳ ಹೊತ್ತು ನಡೆಯಿತು. ಕೊನೆಗೆ ನಾಲ್ಕು ಮಣದ ಹತ್ತಿರ ಬಂದು ಇಬ್ಬರೂ ಉಸಿರು ತೆಗೆದುಕೊಂಡರು. ಅಂಬಮ್ಮ ಬಾಗಿಲಾಚೆ ಒಮ್ಮೆ ಇಣುಕಿ, ದನಿ ತಗ್ಗಿಸಿ ಕೇಳಿದಳು: “ಹೊನ್ನೂರಮ್ಮ ಎಷ್ಟದಾಳ?”

“ನಾಲ್ಕಕ್ಕ ಒಂದು ವೀಸೆ ಕಮ್ಮಿ.”

“ಹಂಗಾದ್ರ ನನಗ ಎರಡು ವೀಸೆ ಕಮ್ಮಿ ಹಾಕ್ರಿ. ಹೋಗ್ರಿ, ಅಂಗಳದಾಗ ನಿಂತು ಕೂಗ್ರಿ. ಅವತ್ತು ಕೂಗಿದಷ್ಟೇ ಜೋರಾಗಿ.”

ಚಿದಾನಂದಪ್ಪ ಅಂಗಳದ ನಡುವೆ ನಿಂತು ಗಂಟಲು ಸರಿಮಾಡಿಕೊಂಡ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಸುಳ್ಳು ತೂಕ ಕೂಗದ ಗಂಟಲು ಅದು. ಮನಸ್ಸಿನಲ್ಲೇ ತಕ್ಕಡಿಗೆ ಕೈ ಮುಗಿದ. ಬಳಿಕ ಕಣ್ಣು ಮುಚ್ಚಿ, “ವಜಾ ಹೋಗಿ ಮೂ…ರು ಮಣ ಆರು ವೀಸೇ…!” ಎಂದು ಕೂಗಿದ. ಜೋಳ ತಿನ್ನುತ್ತಿದ್ದ ಪಾರಿವಾಳಗಳು ಗಾಬರಿಯಿಂದ ಮೇಲೆದ್ದವು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಆಗ ಅಂಬಮ್ಮ ಬಂದಳು. ಹೊಸ ಹೊಸ್ತಿಲು ದಾಟುವ ಸೊಸೆಯ ಗಾಂಭೀರ್ಯದಿಂದ ನಡೆದು ಬಂದು, ಎಡಕ್ಕೆ ಕಾಲು ಇಳಿಬಿಟ್ಟು ಸೀಟಿನ ಮೇಲೆ ಕುಳಿತಳು. ಗಾಡಿ ತೃಪ್ತಿಯಿಂದ ಉಸಿರು ಬಿಟ್ಟಂತೆ ಮೆಲ್ಲಗೆ ಕುಗ್ಗಿತು. ಚಿದಾನಂದಪ್ಪ ಮಂಡಿಯೂರಿ ಕುಳಿತಿದ್ದ. ಅವಳ ಕಾಲುಂಗುರ ಅವನ ಕಿವಿಯ ಹತ್ತಿರ ಸಣ್ಣಗೆ ಮಿಂಚುತ್ತಿತ್ತು. ಕೊಳವೆಯ ತೂತು ಇಳಿಯಿತು, ಇನ್ನೂ ಇಳಿಯಿತು, ಗಾಡಿಯ ತೂತಿನ ಎದುರಿಗೆ ಬಂದು ನಿಂತುಬಿಟ್ಟಿತು. ಎರಡು ತೂತಿನ ನಡುವಿನಿಂದ ಅತ್ತಲಿನ ಬೆಳಕು ಹುಣ್ಣಿಮೆಯ ಚಂದ್ರನಂತೆ ದುಂಡಗೆ ಕಂಡಿತು.

“ಅಲ್ಲಾಡಬ್ಯಾಡ!”

“ನಾ ಎಲ್ಲಿ ಅಲ್ಲಾಡೀನಿ? ನೀವು ಲಗೂನ ಬೋಲ್ಟು ತೂರಿಸ್ರಿ.”

ಬೋಲ್ಟು ಬೆಣ್ಣೆಯೊಳಗೆ ಬೆರಳಿನಂತೆ ಹೋಯಿತು. ಅವನು ನಟ್ಟನ್ನು ತಿರುಗಿಸುತ್ತಾ, ಗಿರಣಿಯ ರೂಢಿಯಂತೆ ಒಂದಕ್ಕೆ ಲಾಭವೆಂದು ಹೇಳಿ, “ಲಾಭ… ಎರಡು… ಮೂರು…” ಎಂದು ಎಣಿಸಿದ. ಹನ್ನೆರಡಕ್ಕೆ ಬಿಗಿಯಾಯಿತು. ಎದ್ದು ನಿಂತಾಗ ಅವನ ಎದೆಯೊಳಗೆ ಗಿರಣಿಯ ಸೈರನ್ನು ಕೂಗುತ್ತಿತ್ತು. ತಾನೇ ಕೂಡಿಸಿಬಿಟ್ಟಿದ್ದ! ಅದಕ್ಕೂ ಮಿಗಿಲಾಗಿ, ತನ್ನ ಮೊದಲ ತೂಕ ವೀಸೆಯ ಮಟ್ಟಿಗೂ ಸರಿಯಿತ್ತೆಂದು ಈ ಬೋಲ್ಟು ಜಗತ್ತಿಗೆ ಸಾರಿತ್ತು. ಆ ಎರಡನೆಯ ಗೆಲುವನ್ನು ಮಾತ್ರ ಅವನು ಜನ್ಮದಲ್ಲಿ ಯಾರಿಗೂ ಹೇಳುವಂತಿರಲಿಲ್ಲ.

“ಅಲ್ಲಣ್ಣಾ,” ಎಂದ ಹುಲುಗಪ್ಪ ತಲೆ ಕೆರೆದುಕೊಳ್ಳುತ್ತಾ, “ಮೂರು ಮಣ ಆರು ವೀಸೆ ಅಂದ್ರ ನಮ್ಮಾಕಿಗಿಂತ ಹಗುರ ಆತು, ಅಕ್ಕಾರು ಕುಂತ್ರ ಹೆಂಗ ಕೂಡ್ತು?”

“ಯಂತ್ರಶಾಸ್ತ್ರ. ನಿನಗ ತಿಳಿಯಂಗಿಲ್ಲ, ಹೋಗು,” ಎಂದ ಚಿದಾನಂದಪ್ಪ.

ಶುಕ್ರವಾರ ನಸುಕಿನಲ್ಲಿ ಹೊರಟರು. ಅಂಥ ಸವಾರಿ ಅವನು ಕನಸಿನಲ್ಲೂ ಮಾಡಿರಲಿಲ್ಲ. ಬಂದ ಗುಂಡಿಗಳನ್ನೆಲ್ಲ ಗಾಡಿ ತಾಯಿ ಮಗುವನ್ನು ಎತ್ತಿಕೊಂಡು ದಾಟಿಸುವಂತೆ ದಾಟಿಸಿತು. ಕುರುಗೋಡಿನ ಮೋರಿ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ತೆಕ್ಕಲಕೋಟೆ ದಾಟುವಾಗ ಅಂಬಮ್ಮ ಮಡಿಲಲ್ಲಿನ ಹಸಿರು ಬಳೆಗಳ ಗಂಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಅವನ ಭುಜದ ಮೇಲೆ ಇಟ್ಟಳು. ಎಂಟೂವರೆಗೆ ಸಿರುಗುಪ್ಪ. ಇಬ್ಬರೂ ಒಟ್ಟಿಗೇ ಬಲಗಾಲಿಟ್ಟು ಹೊಸ್ತಿಲು ದಾಟಿದರು. ಒಂದು ಬಳೆಯೂ ಒಡೆದಿರಲಿಲ್ಲ. ಕೊಟ್ರಬಸಮ್ಮ ಅಕ್ಕನ ಕೊರಳಿಗೆ ಬಿದ್ದು ಅತ್ತಳು, ಅಕ್ಕನೂ ಅತ್ತಳು, ಚಿದಾನಂದಪ್ಪ ಧೂಳು ಬಿತ್ತೆಂದು ಕಣ್ಣು ಒರೆಸಿಕೊಂಡ. ಊಟಕ್ಕೆ ಕುಳಿತಾಗ ಬೀಗರಿಗೆಲ್ಲ ಶಾಕ್ ಅಬ್ಸಾರ್ಬರ್ ಕೂಡಿಸುವ ವಿದ್ಯೆಯನ್ನು, ಎರಡು ಹೋಳಿಗೆಯ ನಡುವೆ, ತಾನೇ ಕಂಡುಹಿಡಿದವನಂತೆ ಬೋಧಿಸಿದ.

ಊಟವಾದ ಮೇಲೆ ಕೊಟ್ರಬಸಮ್ಮ ಬಂದು, “ಭಾವ, ಅಕ್ಕನ್ನ ಎಂಟು ದಿನ ಇಲ್ಲೇ ಬಿಟ್ಟು ಹೋಗ್ರಿ,” ಎಂದು ಕೇಳಿದಳು.

“ಎಂಟ್ಯಾಕ, ಹದಿನೈದು ದಿನ ಇಟ್ಕೊಳವ್ವಾ!” ಎಂದ ಚಿದಾನಂದಪ್ಪ. ಅವನ ಔದಾರ್ಯ ಎಲ್ಲರ ಮನಸ್ಸನ್ನು ಕರಗಿಸಿತು. (ಭಾನುವಾರ ಸಂಗನಕಲ್ಲಿನ ಗುಡ್ಡದ ನೆರಳಲ್ಲಿ ಗಿರಣಿಯ ಗೆಳೆಯರ ಇಸ್ಪೀಟು ಇತ್ತು. ಮದುವೆಯಾದಂದಿನಿಂದ ಅವನು ಅದಕ್ಕೆ ಮೂರು ಸಲ ಮಾತ್ರ ತಪ್ಪಿಸಿಕೊಂಡು ಹೋಗಿದ್ದ.) ಅಂಬಮ್ಮ ಮಾತ್ರ ಅವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿ ನೋಡಿದಳು.

ಮೂರು ಗಂಟೆಗೆ ಅವನು ಒಬ್ಬನೇ ಹೊರಟ. ಶೀಟಿ ಹೊಡೆಯುತ್ತಾ ಊರ ಹೊರಗಿನ ಕಾಲುವೆಯ ದಿಬ್ಬ ಏರಿದ. ಅಲ್ಲಿ ಮೋಟಾರ್ ಸೈಕಲ್ಲು ಅವನನ್ನು ಆಕಾಶಕ್ಕೆ ಅರ್ಪಿಸಿತು.

ಕೆಳಗೆ ಬಂದಾಗ ಸೀಟು ಅಲ್ಲೇ ಇತ್ತು, ರುಮಾಲು ಇರಲಿಲ್ಲ. ಮುಂದಿನ ಗುಂಡಿಗೆ ಗಾಡಿಯ ಹಿಂಭಾಗ ಕಟ್ಟುಬಿಚ್ಚಿದ ಹೋರಿಯಂತೆ ಒದೆಯಿತು. ಎಡಗಡೆ ಕಲ್ಲಿನಂತೆ ಗಡಸು, ಬಲಗಡೆ ಹಳೆಯ ಮೆದು. ಪ್ರತಿ ಒದೆತಕ್ಕೂ ಅವನು ಬಲಗಡೆಯ ಜಾಲಿ ಮುಳ್ಳಿಗೇ ಹೋಗಿ ಬೀಳುತ್ತಿದ್ದ. ಒಂದು ಕಲ್ಲು ಹುಡುಕಿ ಹಿಂದಿನ ಸೀಟಿಗೆ ಕಟ್ಟಿದ. ಮೊದಲ ಕುಲುಕಿಗೇ ಕಲ್ಲು ಕಾಲುವೆಗೆ ಹಾರಿತು. ದಂಡೆಯ ಮೇಲೆ ಕುಳಿತು ಯೋಚಿಸಿದಾಗ ಸಂಗತಿ ಹೊಳೆಯಿತು: ತೊಟ್ಟಿಲು ಎಳೆಯುವ ದೊಡ್ಡ ಗಾಡಿಯ ಕೊಳವೆ ಇದು. ಅವನೊಬ್ಬ ತನ್ನ ಮೇಲೆ ಕುಳಿತಿದ್ದಾನೆಂದು ಅದಕ್ಕೆ ಗೊತ್ತೇ ಆಗಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅವನು ತನ್ನನ್ನು ಮೇಲಿಂದ ಕೆಳಗೆ ನೋಡಿಕೊಂಡ. ನಾಲ್ಕು ಮಣ ಎರಡು ವೀಸೆ. ಕೂಗಲಿಲ್ಲ.

ನಾಲ್ಕು ಗಂಟೆಗೆ ಗಾಡಿ ನೂಕಿಕೊಂಡು ಅವನು ಮತ್ತೆ ಆ ಮನೆಯ ಮುಂದೆ ನಿಂತ. ಹೆಂಗಸರೆಲ್ಲ ಜಗಲಿಯ ಮೇಲೆ ಹೂ ಕಟ್ಟುತ್ತಾ ಕುಳಿತಿದ್ದರು.

“ಏನು ಮರತು ಹೋಗಿದ್ರಿ?” ಎಂದಳು ಅಂಬಮ್ಮ.

ಚಿದಾನಂದಪ್ಪ ತೋಳಿನಿಂದ ಒಂದು ಜಾಲಿ ಮುಳ್ಳು ಕಿತ್ತ. ತೂಕದ ಮಾತೆತ್ತುವಂತಿರಲಿಲ್ಲ.

“ನಿನ್ನ.”

ಜಗಲಿಯ ಮೇಲೆ ಹೂ ಕಟ್ಟುವ ಕೈಗಳೆಲ್ಲ ನಿಂತವು.

“ಭಾವ, ಎಂಟು ದಿನ…” ಎಂದು ಕೊಟ್ರಬಸಮ್ಮ ಬಾಯಿ ತೆರೆದಳು.

“ಒಂದು ದಿನಾನೂ ಆಗಂಗಿಲ್ಲವ್ವಾ. ಆಕಿ ಇಲ್ದ ನನಗ ಈ ದಾರಿ ಸಾಗಂಗಿಲ್ಲ.”

ಅಕ್ಷರಶಃ ಸತ್ಯ. ಆದರೆ ಆ ಸತ್ಯ ಹೆಂಗಸರ ಕಿವಿಗೆ ಬೇರೆಯೇ ರಾಗದಲ್ಲಿ ಬಿತ್ತು. ಒಬ್ಬಳು ಸೆರಗು ಕಚ್ಚಿಕೊಂಡಳು. ಒಬ್ಬಳು ಒಳಗೆ ಮಲಗಿದ್ದ ತನ್ನ ಗಂಡನನ್ನು ಎಬ್ಬಿಸಿ, “ನೋಡ್ರಿ ಇಲ್ಲಿ, ಗಂಡಸು ಅಂದ್ರ ಹೆಂಗಿರ್ತಾನ!” ಎಂದು ತೋರಿಸಿದಳು. ಆ ಸಂಜೆ ಸಿರುಗುಪ್ಪದ ಆ ಬೀದಿಯ ಗಂಡಂದಿರಿಗೆಲ್ಲ ಚಿದಾನಂದಪ್ಪನ ಹೆಸರಿನಲ್ಲಿ ಪೂಜೆಯಾಯಿತೆಂದು ಆಮೇಲೆ ತಿಳಿದು ಬಂತು.

ಅಂಬಮ್ಮ ಮುಖ ಕೆಂಪಗೆ ಮಾಡಿಕೊಂಡು ಗಂಟು ಕಟ್ಟಿಕೊಂಡು ಬಂದಳು. ಗಾಡಿಯ ಹತ್ತಿರ ನಿಂತು ಅವನಿಗೊಬ್ಬನಿಗೇ ಕೇಳುವಂತೆ ಕೇಳಿದಳು:

“ಖರೇನಾ? ನಾ ಇಲ್ದ ಎಲ್ಲಿಗೂ ಹೋಗಾಕ ಆಗಂಗಿಲ್ಲೇನು?”

“ಇಲ್ಲ.”

“ಗಿರಣಿಗೆ?”

ಅವನು ಬ್ರೂಸ್‌ಪೇಟೆಯಿಂದ ಗಿರಣಿಯ ತನಕ ಇರುವ ಗುಂಡಿಗಳನ್ನು ಮನಸ್ಸಿನಲ್ಲಿ ಎಣಿಸಿದ. ಲಾಭದಿಂದ ಶುರುವಾಗಿ ಮೂವತ್ತರ ತನಕ ಹೋಯಿತು. “…ಗಿರಣಿಗೂ,” ಎಂದ.

ಅಂಬಮ್ಮ ಸೆರಗು ಬಿಗಿದು, ಎಡಕ್ಕೆ ಕಾಲು ಬಿಟ್ಟು ಕುಳಿತಳು. ಇಷ್ಟು ಹೊತ್ತು ಹೋರಿಯಾಗಿದ್ದ ಗಾಡಿ ಆಕಳಾಯಿತು. ಮೆಲ್ಲಗೆ ಕುಗ್ಗಿ, ಹದವಾಗಿ ನಿಂತು, ಅಪ್ಪಣೆಗೆ ಕಾಯಿತು.

“ಹೊರಡ್ರಿ,” ಎಂದಳು ಅವನ ಭುಜದ ಮೇಲೆ ಕೈ ಇಟ್ಟು. “ಭಾನುವಾರ ಸಂಗನಕಲ್ಲಿಗೆ ಎಷ್ಟೊತ್ತಿಗೆ ಹೋಗ್ಬೇಕು ಹೇಳ್ರಿ, ಬುತ್ತಿ ಕಟ್ಟತೀನಿ. ಇಸ್ಪೀಟು ನನಗೂ ಬರ್ತೈತಿ.”